ಒಂದು ಕೊಳಗ ನೆರೆಗುಳಿ

ಬಸರಿಕೊಪ್ಪದ ಗುಡ್ಡ,
ಹೊಸನಗರ ತಾಲ್ಲೂಕು
12-3-1966

ಕನ್ನಪ್ಪನಿಗೆ,

ಇದು ಕುಶಲ ಕೇಳಲು ಬರೆದ ಕಾಗದ ಅಲ್ಲ. ನೀನು ಚೆನ್ನಾಗಿದ್ದೀಯ ಅಂತ ಸಾಗರದ ಸಂತೆಗೆ ಹೋಗಿಬಂದವರು ಹೇಳುತ್ತಾರೆ. ಕಾರ್ಗಲ್ಲಿನಲ್ಲಿ ಕ್ವಾರ್ಟರ್ಸ್ ಕೊಟ್ಟಿದ್ದಾರಂತೆ, ಸ್ವಿಚ್ಚು ಒತ್ತಿದರೆ ದೀಪವಂತೆ. ನಾವು ಹಳೆ ಮನೆಯ ಕಂಬ, ತೊಲೆ ಹೊತ್ತುತಂದು ಗುಡ್ಡದ ಮೇಲೆ ಗುಡಿಸಲು ಮಾಡಿಕೊಂಡಿದ್ದೇವೆ. ಸೀಮೆಎಣ್ಣೆ ಸಿಕ್ಕಿದ ದಿನ ಬುಡ್ಡಿ ಹಚ್ಚುತ್ತೇವೆ.

ಅಣೆಕಟ್ಟಿನಲ್ಲಿ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು ನಿನ್ನ ಕೆಲಸ ಅಂತ ನಿನ್ನ ಭಾವನ ಹತ್ತಿರ ಹೇಳಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀರು ನಿಂತ ಮೊದಲ ವರ್ಷ ಮತ್ತು ಹೋದ ವರ್ಷ, ಯಾವ ತಿಂಗಳಲ್ಲಿ ಎಲ್ಲಿಯವರೆಗೆ ಏರಿತು, ಯಾವಾಗ ಇಳಿಯಿತು, ಅಷ್ಟು ಬರೆದು ಕಳಿಸು. ಯಾಕೆ ಅಂತ ಕೇಳಬೇಡ. ಹೋದ ವರ್ಷ ಒಂದು ಮಾತು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ನನಗೆ ನೆನಪಿದೆ. ಈ ಸಲ ನಿನ್ನ ಅಭಿಪ್ರಾಯ ಬೇಡ, ಪುಸ್ತಕದಲ್ಲಿ ಇರುವುದು ಸಾಕು.

ಗುತ್ಯಮ್ಮ


ಕಾರ್ಗಲ್,
ಸಾಗರ ತಾಲ್ಲೂಕು
21-3-1966

ಪ್ರೀತಿಯ ಅಕ್ಕನಿಗೆ ಕನ್ನಪ್ಪನ ನಮಸ್ಕಾರಗಳು.

ಎಂಟು ತಿಂಗಳ ಮೇಲೆ ನಿನ್ನ ಅಕ್ಷರ ನೋಡಿದೆ. ಬೈದಿದ್ದರೂ ಸಂತೋಷವೇ ಆಯಿತು.

ನೀನು ಕೇಳಿದ ಮಟ್ಟಗಳನ್ನು ಇದರ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಎಲ್ಲ ಸಮುದ್ರದಿಂದ ಎಷ್ಟು ಅಡಿ ಎತ್ತರ ಎಂಬ ಲೆಕ್ಕದಲ್ಲಿವೆ. ಪರಿಹಾರದ ಅರ್ಜಿಗೆ ಬೇಕಾಗಿದ್ದರೆ ಹೇಳು, ಇಲ್ಲಿ ನನಗೆ ಗೊತ್ತಿರುವ ಹೆಡ್ ಕ್ಲಾರ್ಕ್ ಒಬ್ಬರಿದ್ದಾರೆ, ಚೆನ್ನಾಗಿ ಬರೆದುಕೊಡುತ್ತಾರೆ. ಭಾವನಿಗೆ ಇಲ್ಲಿ ವಾಚ್‌ಮನ್ ಕೆಲಸಕ್ಕೂ ಕೇಳಿ ನೋಡಬಹುದು. ಬೇಸಾಯವನ್ನೇ ಮಾಡುತ್ತೇನೆ ಅಂದರೆ ಸಾಗರದ ಬ್ಲಾಕ್ ಆಫೀಸಿಗೆ ಗಿಡ್ಡ ತಳಿಯ ಹೊಸ ಬತ್ತ ಬಂದಿದೆ. ಗೊಬ್ಬರ ಹಾಕಿದರೆ ಎರಡರಷ್ಟು ಬೆಳೆಯುತ್ತದೆ ಎನ್ನುತ್ತಾರೆ. ಬೇಕಾದಷ್ಟು ಕಳಿಸುತ್ತೇನೆ.

ಮುಳುಗಡೆ ಜಮೀನು ಈಗ ಸರ್ಕಾರದ್ದು ಅಕ್ಕಾ. ಅದರ ಆಸೆ ಬಿಡುವುದು ಒಳ್ಳೆಯದು.

ನಿನ್ನ ತಮ್ಮ,
ಕನ್ನಪ್ಪ


ಬಸರಿಕೊಪ್ಪದ ಗುಡ್ಡ
2-4-1966

ಕನ್ನಪ್ಪನಿಗೆ,

ಕೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಡುವ ಚಾಳಿ ನಿನಗೆ ಹುಟ್ಟಿನಿಂದ ಬಂದದ್ದು. ಸಮುದ್ರದಿಂದ ಎಷ್ಟು ಅಡಿ ಅಂತ ತಿಳಿದು ನಾನೇನು ಮಾಡಲಿ? ನಾನು ಸಮುದ್ರವನ್ನೇ ನೋಡಿಲ್ಲ. ಗಿಡ್ಡ ಬತ್ತ ಕಳಿಸುತ್ತೀಯ, ಸರಿ. ಮೊಣಕಾಲೆತ್ತರದ ಪೈರು ಎದೆಮಟ್ಟದ ನೀರಿನಲ್ಲಿ ನಿಂತು ಏನು ಮಾಡುತ್ತದೆ, ಮೀನಿನ ಹತ್ತಿರ ಮಾತಾಡುತ್ತದೆಯೇ? ಪಕ್ಕದ ಗುಡಿಸಲಿನ ನಿನ್ನ ಹುಲಿಯಮ್ಮತ್ತೆಗೆ ನಿನ್ನ ಕಾಗದ ಓದಿ ಹೇಳಿದೆ. "ಹುಡ್ಗಂಗೆ ಕರೆಂಟು ಹೊಡ್ದು ತಲೆ ಕೆಟ್ಟೈತಾ ಎಂತ" ಅಂದಳು.

ಈಗ ಹೇಳುತ್ತೇನೆ ಕೇಳು. ಹೋದ ವರ್ಷ ಹೊಂಡದ ಗದ್ದೆಯ ಅಂಚಿನಲ್ಲಿ ನೆರೆಗುಳಿ ಬತ್ತ ಬಿತ್ತಿದ್ದೆವು. ಜುಲೈಯಲ್ಲಿ ನೀರು ಪೈರಿನ ತಲೆ ಮುಟ್ಟಿತು. ನಿನಗೆ ಕಾರ್ಡು ಬರೆದು ಕೇಳಿದೆ. "ಎಂಟು ದಿನ ಕಾಯಿ ಅಕ್ಕಾ, ನೆರೆಗುಳಿ ಅಲ್ಲವೇ, ಹೆದರಬೇಡ" ಅಂತ ನೀನು ಬರೆದೆ. ನಾವೂ ಹಾಗೇ ನಂಬಿದ್ದೆವು. ಅಜ್ಜನ ಕಾಲದಿಂದ ನೆರೆ ಬಂದು, ಎಂಟು ಹತ್ತು ದಿನ ಮುಳುಗಿಸಿ ಹೋಗುತ್ತಿತ್ತು. ಈ ಬತ್ತ ನೀರೊಳಗೆ ಉಸಿರು ಹಿಡಿದುಕೊಂಡಿದ್ದು ಮತ್ತೆ ಎದ್ದು ನಿಲ್ಲುತ್ತಿತ್ತು. ಎಂಟು ದಿನ ಕಾದೆವು. ಹದಿನೆಂಟು ದಿನ ಕಾದೆವು. ನೀರು ದೀಪಾವಳಿ ಕಳೆದ ಮೇಲೆ ಇಳಿಯಿತು. ಅಡಿಯಲ್ಲಿ ಕೊಳೆತ ಹುಲ್ಲು ಕೂಡ ಸಿಗಲಿಲ್ಲ.

ಕಣಜದಲ್ಲಿ ಉಳಿದಿರುವುದು ಒಂದು ಕೊಳಗ. ಸುತ್ತಿನ ಮುಳುಗಿದ ಊರುಗಳಲ್ಲಿ ಕೇಳಿ ಬಂದೆ, ಬಿತ್ತಿದವರದ್ದು ಹೋಗಿದೆ, ಬಿತ್ತದವರು ಹಸಿವಿಗೆ ಕುಟ್ಟಿ ಉಂಡಿದ್ದಾರೆ. ಈ ವರ್ಷ ಬಿತ್ತದೆ ಇಟ್ಟರೆ ಬೀಜ ಮುಗ್ಗಿ ಮೊಳೆಯುವುದಿಲ್ಲ. ಬಿತ್ತಿ ಕಳೆದುಕೊಂಡರೆ ನಮ್ಮ ನೆರೆಗುಳಿಯ ಕಥೆ ಮುಗಿಯಿತು. ನಿನ್ನ ಭಾವ ರಿಪ್ಪನ್‌ಪೇಟೆಯ ಆಚೆ ಸರ್ಕಾರ ನಮಗೆ ಕೊಟ್ಟ ಜಮೀನು ನೋಡಿ ಬಂದಿದ್ದಾರೆ. ಒಣ ನೆಲ. "ಈ ಸಲ ಬೀಜ ತಿರುಗಿ ಬರದಿದ್ರೆ ಗಂಟುಮೂಟೆ ಕಟ್ಟೋದೇ ಸೈ" ಅಂತ ಖಡಾಖಂಡಿತ ಹೇಳಿದ್ದಾರೆ. ನಾನು ಒಪ್ಪಿದ್ದೇನೆ. ಒಪ್ಪಿದ್ದು ಹೋಗುವುದಕ್ಕಲ್ಲ, ಬೀಜ ತಿರುಗಿ ಬರಿಸುವುದಕ್ಕೆ.

ನೀನು ಆಡಿ ಬೆಳೆದ ಜಾಗ ಇದು. ಹೊಂಡದ ಗದ್ದೆ, ಅದರ ಮೇಲೆ ಕಣ, ಕಣದ ಮೇಲೆ ದನ ನುಗ್ಗದಂತೆ ಗಳ ಸರಿಸುವ ದಣಪೆ. ಇವುಗಳ ಲೆಕ್ಕದಲ್ಲಿ ಬರೆ.

ಗುತ್ಯಮ್ಮ


ಕಾರ್ಗಲ್
14-4-1966

ಅಕ್ಕಾ,

ಭಾನುವಾರ ಇಡೀ ದಿನ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ನಮ್ಮೂರು ಬರೆದೆ. ಹೊಂಡದ ಗದ್ದೆಯಿಂದ ಕಣಕ್ಕೆ ಹತ್ತುವ ಕಲ್ಲು ಮೆಟ್ಟಿಲು ಏಳು. ಕಣದಿಂದ ದಣಪೆಗೆ ಅಪ್ಪಯ್ಯನ ಎತ್ತರಕ್ಕಿಂತ ಒಂದು ಗೇಣು ಜಾಸ್ತಿ, ಹುಲ್ಲಿನ ಗೊಣಬೆ ಒಟ್ಟುವಾಗ ಅವರು ದಣಪೆಯ ಬುಡಕ್ಕೆ ಕೈ ಚಾಚಿ ಹಿಡಿಯುತ್ತಿದ್ದರಲ್ಲ, ಅದರಿಂದ ಅಂದಾಜು ಮಾಡಿದೆ. ತಪ್ಪಿದ್ದರೆ ತಿದ್ದು.

ಅಣೆಕಟ್ಟು ತುಂಬಿದರೆ ನೀರು ನಿಲ್ಲುವುದು ದಣಪೆಯ ಕಂಬದ ಬುಡಕ್ಕೆ. ಹೋದ ವರ್ಷ ಮಳೆ ಸಾಲದೆ ತುಂಬಲಿಲ್ಲ. ಆಗಸ್ಟ್ ಕೊನೆಗೆ ಕಣದ ಮೇಲೆ ಒಂದು ಮೊಳ ನಿಂತು, ನವೆಂಬರ್ ನಡುವಿನವರೆಗೆ ಅಲ್ಲೇ ಇತ್ತು. ಈ ವರ್ಷ ಎಷ್ಟಾಗುತ್ತದೆ ಎಂದು ಬ್ರಹ್ಮನಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ ನಿನಗೆ ತಿಳಿದಿರಲಿ. ನೀರು ಇಳಿಯುವುದು ಪವರ್‌ಹೌಸಿಗೆ ಬಿಟ್ಟಾಗ. ಬಿಡುವುದು ಕರೆಂಟು ಕೇಳುವವರಿದ್ದಾಗ. ಬಯಲುಸೀಮೆಯಲ್ಲಿ ಈಗ ಊರೂರಿಗೆ ಬಾವಿಗೆ ಪಂಪು ಇಡುತ್ತಿದ್ದಾರೆ. ಅಲ್ಲಿ ಒಬ್ಬ ರೈತ ತನ್ನ ರಾಗಿಗೋ ಕಬ್ಬಿಗೋ ಪಂಪು ಹಾಕಿದರೆ ನಮ್ಮೂರಿನಲ್ಲಿ ನೀರು ಕೂದಲೆಳೆಯಷ್ಟು ಇಳಿಯುತ್ತದೆ. ಅವನ ಊರಿಗೆ ಮಳೆ ಬಂದರೆ ಅವನು ಪಂಪು ಹಾಕುವುದಿಲ್ಲ, ನಮ್ಮ ನೀರು ಇಳಿಯುವುದಿಲ್ಲ. ನಾನು ಬರೀ ಅಳೆಯುವವನು. ಏರಿಸಲೂ ಇಳಿಸಲೂ ನನ್ನ ಕೈಯಲ್ಲಿ ಏನೂ ಇಲ್ಲ.

ಅಭಿಪ್ರಾಯ ಬೇಡ ಎಂದಿದ್ದೀಯ. ಆದರೂ ಹೇಳುತ್ತೇನೆ, ಎಲ್ಲ ಬೀಜವನ್ನೂ ದಣಪೆಯ ಹತ್ತಿರವೇ ಬಿತ್ತು. ಅಲ್ಲಿ ಮುಳುಗುವ ಭಯವಿಲ್ಲ.

ಕನ್ನಪ್ಪ


ಬಸರಿಕೊಪ್ಪದ ಗುಡ್ಡ
9-5-1966
(ಕಾರ್ಡು)

ಕನ್ನಪ್ಪ,

ಮೊದಲ ಮಳೆ ಬಂತು. ಮೆಟ್ಟಿಲು ಏಳಲ್ಲ, ಎಂಟು. ಮಿಕ್ಕಿದ್ದು ಸರಿ.

ದಣಪೆಯ ಹತ್ತಿರ ಮುಳುಗುವ ಭಯವಿಲ್ಲ, ನಿಜ. ಮಳೆ ಕೈಕೊಟ್ಟರೆ ಒಣಗುವ ಭಯ ಇದೆಯಲ್ಲ. ಕೊಳಗವನ್ನು ಮೂರು ಪಾಲು ಮಾಡಿ ಮೂರು ಪಟ್ಟಿ ಬಿತ್ತಿದೆ. ಹೊಂಡದ ಮೆಟ್ಟಿಲ ಹತ್ತಿರ ಒಂದು, ಕಣದಲ್ಲಿ ಒಂದು, ದಣಪೆಯ ಕೆಳಗೆ ಒಂದು. ಕಣಜ ಗುಡಿಸಿದೆ. ಈಗ ಅದರಲ್ಲಿ ಒಂದು ಕಾಳೂ ಇಲ್ಲ.

ಗುತ್ಯಮ್ಮ


ಬಸರಿಕೊಪ್ಪದ ಗುಡ್ಡ
18-8-1966

ಕನ್ನಪ್ಪ,

ಜುಲೈಯಲ್ಲಿ ಎರಡು ಕಾರ್ಡು ಬಂದವು. ಮಟ್ಟ ಮಾತ್ರ ಬರೆದು ಕಳಿಸಿದ್ದೆ, ಬಹಳ ಉಪಕಾರವಾಯಿತು. ಗದ್ದೆ ಕಾಯುವ ಕೆಲಸದಲ್ಲಿ ಉತ್ತರ ಬರೆಯಲಾಗಲಿಲ್ಲ. ಹಂದಿ ಬರುತ್ತದೆ, ಕಡವೆ ಬರುತ್ತದೆ. ಕಾಡಿನವಕ್ಕೂ ಜಾಗ ಮುಳುಗಿ ಹೋಗಿದೆ, ಅವೆಲ್ಲಿಗೆ ಹೋದಾವು?

ಮಳೆ ಜೀನತನ ಮಾಡಿದೆ. ದಣಪೆಯ ಪಟ್ಟಿಯಲ್ಲಿ ಅರ್ಧಕ್ಕರ್ಧ ಪೈರು ಒಣಗಿ ಬೋಳಾಗಿದೆ. ನೀನು ಹೇಳಿದಂತೆ ಎಲ್ಲ ಅಲ್ಲೇ ಬಿತ್ತಿದ್ದರೆ ಇಷ್ಟು ಹೊತ್ತಿಗೆ ಹಣೆ ಚಚ್ಚಿಕೊಳ್ಳಬೇಕಿತ್ತು. ಕಣದ ಪಟ್ಟಿ ಮಾತ್ರ ನೋಡಬೇಕು, ಸೊಂಟಕ್ಕೆ ಬಂದಿದೆ, ಬಣ್ಣ ಕಪ್ಪಿಗೆ ತಿರುಗಿದೆ. ಕೆಳಗಿನ ಪಟ್ಟಿಯಲ್ಲಿ ನೀರು ಮೊಣಕಾಲಿಗೆ ಬಂದಿದೆ, ಪೈರು ನೀರಿನ ಜೊತೆ ಜೊತೆಗೆ ಏರುತ್ತಿದೆ.

ನಿನ್ನ ಭಾವ ನಾಟಿ ಕೂಲಿಗೆ ಅಂತ ತೀರ್ಥಹಳ್ಳಿ ಕಡೆ ಹೋಗಿದ್ದಾರೆ. ಮನೆಯಲ್ಲಿ ಸೊಸೈಟಿಯ ಅಮೆರಿಕದ ಗೋಧಿ. ಅದನ್ನು ಬೇಯಿಸುವುದು ಹೇಗೆ ಅಂತ ಹುಲಿಯಮ್ಮತ್ತೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಬರೆ.

ಗುತ್ಯಮ್ಮ


ಬಸರಿಕೊಪ್ಪದ ಗುಡ್ಡ
6-9-1966

ತಮ್ಮಾ,

ಐದು ದಿನದಿಂದ ಬಿಡದೆ ಹೊಡೆಯುತ್ತಿದೆ. ಕೆಳಗಿನ ಪಟ್ಟಿ ಕಾಣುತ್ತಿಲ್ಲ. ಕಣದ ಪಟ್ಟಿಯಲ್ಲಿ ನನ್ನ ಎದೆಮಟ್ಟ ನೀರು, ಎಲೆಯ ತುದಿ ಮಾತ್ರ ಮೇಲೆ ಇದೆ. ನಾಳೆಗೆ ಅದೂ ಮುಳುಗುತ್ತದೆ.

ಹುಲಿಯಮ್ಮತ್ತೆ "ನೆರೆಗುಳಿ ಕಣೇ, ತಡ್ಕೊಳ್ತೈತೆ, ಕೈ ಹಾಕ್ಬೇಡ" ಅನ್ನುತ್ತಾಳೆ. ನನಗೂ ಹಾಗೆ ನಂಬಬೇಕು ಅನ್ನಿಸುತ್ತದೆ. ಹೋದ ವರ್ಷವೂ ಹೀಗೇ ಅನ್ನಿಸಿತ್ತು.

ಎಷ್ಟು ದಿನಕ್ಕೆ ಇಳಿಯುತ್ತದೆ? ನನ್ನ ಸಮಾಧಾನಕ್ಕೆ ಬರೆಯಬೇಡ. ಇದ್ದದ್ದು ಬರೆ.

ಗುತ್ಯಮ್ಮ


ಕಾರ್ಗಲ್
9-9-1966

ಅಕ್ಕಾ,

ಇದನ್ನು ಅಂಚೆಗೆ ಹಾಕಿದರೆ ಮೂರು ನಾಲ್ಕು ದಿನ ಬೇಕು. ಸಾಗರಕ್ಕೆ ಓಡಿಬಂದು ಹೊಸನಗರದ ಬಸ್ಸಿನ ಕಂಡಕ್ಟರ್ ಶಂಭು ಕೈಯಲ್ಲಿ ಕೊಡುತ್ತಿದ್ದೇನೆ. ನಿಮ್ಮ ಗುಡ್ಡದ ದಾರಿಗೆ ಬಸ್ಸು ನಿಲ್ಲಿಸಿ, ಕೂಗಿ ಕರೆದು ನಿನ್ನ ಕೈಯಲ್ಲೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾನೆ.

ಇಳಿಯುವುದಿಲ್ಲ.

ಎಂಟು ದಿನಕ್ಕಲ್ಲ, ಒಂದು ತಿಂಗಳಿಗೂ ಇಳಿಯುವುದಿಲ್ಲ. ಬಯಲುಸೀಮೆಯಲ್ಲೂ ಮಳೆ ಹಿಡಿದಿದೆ, ಪಂಪುಗಳೆಲ್ಲ ನಿಂತಿವೆ, ನೀರು ಬಿಡುವುದು ಕಡಿಮೆಯಾಗಿದೆ. ಇನ್ನೂ ಒಂದು ಅಡಿ ಏರಬಹುದು. ಕಣದ ಪಟ್ಟಿಯನ್ನು ನೀರಿನಲ್ಲಿ ಬಿಟ್ಟರೆ ಅದು ಸತ್ತ ಹಾಗೆಯೇ.

ಹೋದ ವರ್ಷದ್ದು ಹೇಳಿಬಿಡುತ್ತೇನೆ. ನಿನ್ನ ಕಾರ್ಡು ಬಂದ ದಿನವೂ ನಾನು ಮಟ್ಟ ಓದಿ ಬಂದಿದ್ದೆ. ದಿನಾ ಬೆಳಿಗ್ಗೆ ಆ ಗೇಜಿನ ಮುಂದೆ ನಿಲ್ಲುವವನು ನಾನು. ಆದರೂ ನಿನ್ನ ಕಾರ್ಡು ಓದಿದಾಗ ಕಣ್ಣಿಗೆ ಬಂದದ್ದು ನಮ್ಮ ಹೊಳೆ. ಹೊಳೆ ಅಂದರೆ ಬರುತ್ತದೆ, ಹೋಗುತ್ತದೆ. ಕೈ ತಾನಾಗಿ ಎಂಟು ದಿನ ಎಂದು ಬರೆಯಿತು. ಕಾರ್ಡು ಡಬ್ಬಿಗೆ ಹಾಕಿದ ಮಾರನೆಯ ದಿನವೇ ತಪ್ಪು ಗೊತ್ತಾಯಿತು. ಇನ್ನೊಂದು ಬರೆಯಬೇಕಿತ್ತು. ನಾಚಿಕೆಯಾಗಿ ಬರೆಯಲಿಲ್ಲ. ನಿನ್ನ ಬೀಜ ಮುಳುಗಿಸಿದ್ದು ಅಣೆಕಟ್ಟಲ್ಲ ಅಕ್ಕಾ, ನಾನು.

ಮುಳುಗಿದ ಪೈರನ್ನು ಈಗಲೇ ಕೀಳು. ಬುಡ ಸೀಳಿ, ದಣಪೆಯ ಪಟ್ಟಿಯಲ್ಲಿ ಒಣಗಿ ಖಾಲಿಯಾದ ಕಡೆ ನೆಡು. ಅಲ್ಲಿ ಈಗ ಮಳೆ ನೀರು ನಿಂತಿರುತ್ತದೆ. ವಯಸ್ಸಾದ ಪೈರು, ಹಿಡಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನೀರು ಇಳಿಯುವುದಿಲ್ಲ ಎನ್ನುವುದು ಗೊತ್ತು. ಅದನ್ನು ನಂಬು.

ಕನ್ನಪ್ಪ


ಕಾರ್ಗಲ್
22-9-1966
(ಕಾರ್ಡು)

ಅಕ್ಕಾ, ಕಾಗದ ಕೊಟ್ಟೆ ಎಂದು ಶಂಭು ಹೇಳಿದ. ನಿನ್ನ ಉತ್ತರ ಇಲ್ಲ. ನೀರು ಒಂಬತ್ತು ಇಂಚು ಏರಿ ನಿಂತಿದೆ. ಇನ್ನು ಏರಲಾರದು. ಗೋಧಿಯನ್ನು ಹುರಿದು ನುಚ್ಚು ಮಾಡಿ ಉಪ್ಪಿಟ್ಟಿನ ಹಾಗೆ ಬೇಯಿಸಬಹುದಂತೆ, ಪಕ್ಕದ ಕ್ವಾರ್ಟರ್ಸಿನವರು ಹೇಳಿದರು.
ಕನ್ನಪ್ಪ


ಕಾರ್ಗಲ್
12-10-1966
(ಕಾರ್ಡು)

ಅಕ್ಕಾ, ನೀರು ಅಲ್ಲೇ ಇದೆ. ಕೋಪ ಇದ್ದರೆ ಬೈದು ಬರೆ. ಸುಮ್ಮನಿರಬೇಡ.
ಕನ್ನಪ್ಪ


ಬಸರಿಕೊಪ್ಪದ ಗುಡ್ಡ
30-10-1966

ತಮ್ಮಾ,

ಕೋಪ ಅಲ್ಲವೋ, ಕೈ. ಎರಡು ಕೈಯ ಬೆರಳೂ ನೀರು ತಿಂದು ಹುಣ್ಣಾಗಿ ಪೆನ್ಸಿಲ್ ಹಿಡಿಯಲು ಆಗುತ್ತಿರಲಿಲ್ಲ. ನಿನ್ನ ಕಾರ್ಡು ಬಂದಾಗಲೆಲ್ಲ ಬರೆಯಬೇಕು ಅಂದುಕೊಂಡೆ.

ಆ ದಿನ ಶಂಭು ಬಸ್ಸು ನಿಲ್ಲಿಸಿ ಕೂಗಿದ ಕೂಗಿಗೆ ಗುಡ್ಡದ ಹಕ್ಕಿಯೆಲ್ಲ ಎದ್ದವು. ನಿನ್ನ ಕಾಗದ ಓದಿ ಅಲ್ಲೇ ಕೂತುಬಿಟ್ಟೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅಳು ಬಂತು. ಆಮೇಲೆ ಸೆರಗು ಬಿಗಿದು ಇಳಿದೆ. ಹುಲಿಯಮ್ಮತ್ತೆ ದಡದಲ್ಲಿ ನಿಂತು "ನೀರಾಗಿರೋ ಪೈರು ಕೀಳ್ತಾರಾ ಯಾರಾದ್ರೂ? ನಿಂಗೆ ಮಳ್ಳು ಹಿಡ್ದೈತೆ" ಅಂತ ಬೈದಳು. ಬೈಯುತ್ತಲೇ ಇಳಿದು ನನ್ನ ಪಕ್ಕ ನಿಂತಳು. ಅರವತ್ತು ದಾಟಿದ ಜೀವ. ಕತ್ತಿನವರೆಗೆ ನೀರು. ಕಾಲಿನಲ್ಲಿ ಬುಡ ಹುಡುಕುವುದು, ಉಸಿರು ಕಟ್ಟಿ ಮುಳುಗುವುದು, ಕಿತ್ತು ಮೇಲೆ ಬರುವುದು. ಬಾಳೆದಿಂಡಿನ ತೆಪ್ಪದ ಮೇಲೆ ಹೇರಿ ದಣಪೆಗೆ ತಳ್ಳುವುದು, ಅಲ್ಲಿ ಬುಡ ಸೀಳಿ ನೆಡುವುದು. ಆರು ದಿನ ಮಾಡಿದೆವು. ಕಣದ ಪಟ್ಟಿಯಲ್ಲಿ ಮುಕ್ಕಾಲು ಪಾಲು ಸಿಕ್ಕಿತು. ಕೆಳಗಿನದು ಹೋಯಿತು.

ಹನ್ನೆರಡು ದಿನ ಬಾಗಿ ಮಲಗಿತ್ತು. ಸತ್ತಿತು ಅಂದುಕೊಂಡೆ, ನಿನಗೆ ಬರೆಯಲು ಅದೂ ಒಂದು ಅಡ್ಡಿ. ಹದಿಮೂರನೆಯ ದಿನ ನಡುವಿನಿಂದ ಸುಳಿ ಬಂತು.

ನಿನ್ನೆ ಭೂಮಿ ಹುಣ್ಣಿಮೆ. ಪೈರು ಬಸುರಿ, ಬಯಕೆ ಊಟ ಹಾಕಬೇಕು. ನಮ್ಮ ಮನೆಯಲ್ಲಿ ಹಾಕಲು ಏನಿತ್ತು? ಕೆಸುವಿನ ಸೊಪ್ಪು, ಹಾಗಲ, ನಿನ್ನ ಗೋಧಿ ನುಚ್ಚಿನ ಕಡುಬು. ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಮಾತ್ರ ಎಂದಿನ ಹಾಗೆ ಬರೆದೆ. ನಿನ್ನ ಭಾವ ಹಿಂದಿನ ಸಂಜೆ ತೀರ್ಥಹಳ್ಳಿಯಿಂದ ಬಂದವರು ಗದ್ದೆ ನೋಡಲಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು, ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ನೀರಿಗೆ ಇಳಿದರು. ಬುಟ್ಟಿಯ ಎಡೆಯನ್ನು ಪೈರಿಗೆ ಚರಗ ಚೆಲ್ಲಿ ಬಂದು "ಹೊಡೆ ಆಗೈತೆ ಕಣೇ, ತೆನೆ ಬರ್ತದೆ" ಅಂದರು. ಅಷ್ಟೇ.

ಒಂದು ಮಾತು ಹೇಳಬೇಕು. ಪೂಜೆಯ ಹೊತ್ತಿಗೆ ಕೈ ಮುಗಿದು, ನೀರು ಬೇಗ ಇಳಿಯಲಿ ಅಂತ ಬೇಡಲು ಬಾಯಿ ತೆರೆದೆ. ಆಗ ನಿನ್ನ ಪಂಪಿನ ಮಾತು ನೆನಪಾಯಿತು. ನನ್ನ ನೀರು ಇಳಿಯಬೇಕಾದರೆ ಅಲ್ಲೆಲ್ಲೋ ಒಬ್ಬಳ ಹೊಲಕ್ಕೆ ಮಳೆ ನಿಲ್ಲಬೇಕು. ಅವಳೂ ನನ್ನ ಹಾಗೆ ಕಣಜದ ತಳ ಗುಡಿಸಿ ಬಿತ್ತಿರಬಹುದು. ಅದನ್ನು ಬೇಡಲು ಮನಸ್ಸು ಬರಲಿಲ್ಲ. ನೀರು ಎಷ್ಟಾದರೂ ಇರಲಿ, ಅದರ ಮೇಲೆ ತಲೆ ಎತ್ತಿಕೊಂಡಿರುವಷ್ಟು ಶಕ್ತಿ ನನ್ನ ಪೈರಿಗೆ ಕೊಡು ಅಂತ ಕೇಳಿಕೊಂಡೆ.

ಹೋದ ವರ್ಷದ ಬೀಜ ನೀನು ಮುಳುಗಿಸಿದ್ದು ಅಂತ ಬರೆದಿದ್ದೀಯ. ಎಂಟು ದಿನ ಅಂತ ನಂಬಿದವಳು ನಾನೂ ಹೌದಲ್ಲ. ಆ ಲೆಕ್ಕ ಅಜ್ಜ ಕಲಿಸಿದ್ದು, ಹೊಳೆಯದ್ದು. ಈ ನೀರಿನ ಲೆಕ್ಕ ಕಲಿಸಲು ಅಜ್ಜ ಇಲ್ಲ, ನಾವೇ ಕಲಿಯಬೇಕು.

ಅಕ್ಕ


ಕಾರ್ಗಲ್
8-11-1966

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ.

ನೀರು ಇಳಿಯಲು ಶುರುವಾಗಿದೆ. ಬಯಲುಸೀಮೆಯಲ್ಲಿ ಮಳೆ ತಾನಾಗಿ ನಿಂತಿದೆ, ನೀನು ಬೇಡಿದ್ದಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೊಯ್ಲಿಗೆ ನೀರು ನಿನ್ನ ಮೊಣಕಾಲಿನ ಕೆಳಗೆ ಇರುತ್ತದೆ. ಕೈಗೆ ಹಚ್ಚಲು ಮುಲಾಮು ಕಳಿಸಿದ್ದೇನೆ, ಅದನ್ನು ಹುಲಿಯಮ್ಮತ್ತೆಗೂ ಕೊಡು.

ಬೀಜ ತಿರುಗಿ ಬಂತೇ ಎಂದು ಮಾತ್ರ ಬರೆ. ಮಿಕ್ಕಿದ್ದೇನೂ ಬೇಡ.

ನಿನ್ನ ತಮ್ಮ


ಬಸರಿಕೊಪ್ಪದ ಗುಡ್ಡ
20-12-1966

ತಮ್ಮಾ,

ಬಂತು. ನಾಲ್ಕು ಕೊಳಗ.

ನಗಬೇಡ. ಇದೇ ಒಂದು ಕೊಳಗಕ್ಕೆ ಅಪ್ಪಯ್ಯ ಇಪ್ಪತ್ತೈದು ಬೆಳೆದದ್ದು ನನಗೂ ನೆನಪಿದೆ. ಆದರೆ ಇದು ಕಾಳು ತುಂಬಿದ ಬತ್ತ, ಜೊಳ್ಳಲ್ಲ. ಬಾಯಲ್ಲಿ ಕಡಿದು ನೋಡಿದ್ದೇನೆ. ತೆನೆ ತೆನೆಯನ್ನೇ ಕೊಯ್ದೆವು, ಉದುರಿದ್ದನ್ನು ಹುಲಿಯಮ್ಮತ್ತೆ ಕೋಳಿಯ ಹಾಗೆ ಹೆಕ್ಕಿದಳು.

ಅಳೆದು ಮುಗಿದ ಮೇಲೆ ನಿನ್ನ ಭಾವ "ಒಂದು ಸೇರು ಕುಟ್ಟೇ, ಮೂರು ವರ್ಷ ಆಯ್ತು ಈ ಅನ್ನದ ಮುಖ ನೋಡಿ" ಅಂದರು. ನನಗೂ ಬಾಯಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆದರೂ ಕೊಡಲಿಲ್ಲ. ಒಂದು ಹಿಡಿ ಕೂಡ ಕೊಡಲಿಲ್ಲ. ಈ ವರ್ಷ ಎಲ್ಲರಿಗೂ ಗೋಧಿಯೇ ಗತಿ ಅಂದೆ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದರು. ಆಮೇಲೆ ರಿಪ್ಪನ್‌ಪೇಟೆಯ ಜಮೀನಿನ ಕಾಗದವನ್ನು ಮಡಿಸಿ ಪೆಟ್ಟಿಗೆಯ ಅಡಿಗೆ ಹಾಕಿದರು. "ಬರೋ ವರ್ಷ ದಣಪೆ ಹತ್ರ ಜಾಸ್ತಿ ಬಿತ್ತಾಣ, ಅಂಚಿಗೆ ಬದು ಹಾಕಿದ್ರೆ ಮಳೆ ನೀರು ನಿಲ್ತದೆ" ಅಂತ ತಾವೇ ಶುರು ಮಾಡಿದರು. ನಾನು ಹೂಂ ಅಂದೆ. ಒಳಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಎಲ್ಲ ಬೀಜ ಒಂದೇ ಮನೆಯಲ್ಲಿ ಇರಬಾರದು. ಇಲಿ ಇದೆ, ಬೆಂಕಿ ಇದೆ, ಗುಡಿಸಲು ಸೋರುತ್ತದೆ. ಎರಡು ಕೊಳಗ ನಾವು ಇಟ್ಟುಕೊಂಡೆವು, ಒಂದು ಹುಲಿಯಮ್ಮತ್ತೆಗೆ ಕೊಟ್ಟೆ. ನಾಲ್ಕನೆಯದನ್ನು ಯಾರ ಹತ್ತಿರ ಇಡುವುದು ಅಂತ ನಿನ್ನ ಭಾವ ಕೇಳಿದರು. ನಾನು ಯೋಚನೆ ಕೂಡ ಮಾಡಲಿಲ್ಲ. ಶಂಭು ಕೈಯಲ್ಲಿ ನಿನಗೆ ಕಳಿಸಿದ್ದೇನೆ. ಹುಲ್ಲಿನ ಮುಡೆ ಬಿಚ್ಚಬೇಡ, ನೆಲಕ್ಕೆ ತಾಗಿಸಬೇಡ, ಗೋಡೆಯಿಂದ ದೂರ ತೂಗಿ ಹಾಕು. ಹೊಸಕ್ಕಿಯ ಆಸೆಗೆ ಕುಟ್ಟಿ ಉಂಡೆ ಅಂತ ಗೊತ್ತಾದರೆ ಕಾರ್ಗಲ್ಲಿಗೇ ಬಂದು ಕೈ ಮುರಿಯುತ್ತೇನೆ.

ಮೇ ತಿಂಗಳ ಮೊದಲ ಮಳೆಗೆ ಅದನ್ನು ಶಂಭು ಕೈಯಲ್ಲಿ ಕಳಿಸಬೇಡ. ನೀನೇ ಹೊತ್ತು ತಾ. ಬಿತ್ತುವುದಕ್ಕೆ ನಮ್ಮಲ್ಲಿ ಒಂದು ಆಳು ಕಡಿಮೆ ಇದೆ. ರಜೆ ಈಗಲೇ ಕೇಳಿ ಇಟ್ಟುಕೋ.

ಅಕ್ಕ